ಇಂಧನ ಸಂಶೋಧನೆಗೆ ಸರ್ಕಾರದ ದುಡ್ಡು: ಎಷ್ಟು ಕೊಡುತ್ತಾರೆ ಅನ್ನೋದು ಬಿಡಿ, ವಾಪಸ್ ಏನು ಕೇಳುತ್ತಾರೆ ನೋಡಿ

ಹೋದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. ಮಲೆನಾಡಿನ ಹುಡುಗ, ಅಡಿಕೆ ತೋಟದ ಮನೆಯವನು. ಅಡಿಕೆ ಒಣಗಿಸುವ ಒಂದು ಡ್ರೈಯರ್ ಮಾಡಿದ್ದಾನೆ. ಬಿಸಿಲಿದ್ದರೆ ಬಿಸಿಲಿನ ಶಾಖದಲ್ಲಿ, ಮೋಡ ಕವಿದರೆ ಅಡಿಕೆ ಸಿಪ್ಪೆಯನ್ನೇ ಉರಿಸಿ ನಡೆಯುತ್ತದೆ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ, ಬೇಯಿಸಿ ಅಂಗಳದಲ್ಲಿ ಹರವಿದ ಅಡಿಕೆಗೆ ಬೂಷ್ಟು ಹಿಡಿಯುವುದನ್ನು ಚಿಕ್ಕಂದಿನಿಂದ ನೋಡಿದವನು, ಹಾಗಾಗಿ ಯಂತ್ರದ ಬಗ್ಗೆ ನನಗೇನೂ ಅನುಮಾನವಿರಲಿಲ್ಲ. ಅವನ ಪ್ರಶ್ನೆಯ ಬಗ್ಗೆ ಇತ್ತು. "ಸರ್, ಇದಕ್ಕೆ ಗೌರ್ಮೆಂಟಿನಿಂದ ಎಲ್ಲಿ ಜಾಸ್ತಿ ದುಡ್ಡು ಸಿಗುತ್ತೆ?"

"ಜಾಸ್ತಿ ಎಲ್ಲಿ ಅಂತ ಕೇಳಬೇಡ ಮಾರಾಯ. ನಿನ್ನ ಹತ್ತಿರ ವಾಪಸ್ ಕೊಡೋಕೆ ಏನಿದೆ ಹೇಳು" ಅಂದೆ. ಅವನು ಬಡ್ಡಿಯ ಮಾತು ಅಂದುಕೊಂಡ. ಬಡ್ಡಿಯೂ ಒಂದು, ಆದರೆ ಅದೊಂದೇ ಅಲ್ಲ. ಸರ್ಕಾರದ ದುಡ್ಡು ಯಾವುದೂ ಪುಕ್ಕಟೆ ಅಲ್ಲ. ಒಬ್ಬರು ಜರ್ನಲಿನಲ್ಲಿ ಬರುವ ಸಂಶೋಧನಾ ಪೇಪರ್ ಕೇಳುತ್ತಾರೆ. ಇನ್ನೊಬ್ಬರು ಟೆಸ್ಟ್ ರಿಪೋರ್ಟ್ ಕೇಳುತ್ತಾರೆ. ಮತ್ತೊಬ್ಬರಿಗೆ ಓಡುವ ಘಟಕ ಬೇಕು, ಮಗದೊಬ್ಬರಿಗೆ ನೀವೊಂದು ಕಂಪನಿ ಕಟ್ಟಬೇಕು. ಕೊನೆಯವರು ದುಡ್ಡನ್ನೇ ವಾಪಸ್ ಕೇಳುತ್ತಾರೆ. ನಿಮ್ಮಿಂದ ಕೊಡಲು ಆಗುವುದೇನು ಅಂತ ಗೊತ್ತಾದರೆ ಯಾರ ಬಾಗಿಲಿಗೆ ಹೋಗಬೇಕು ಅನ್ನೋದು ಮುಕ್ಕಾಲು ಪಾಲು ತೀರ್ಮಾನ ಆದ ಹಾಗೆಯೇ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಎಷ್ಟೋ ವರ್ಷದ ಹಿಂದೆ ಇಂಥದ್ದೇ ಒಂದು ಡ್ರೈಯರಿನ ಪ್ರಪೋಸಲ್ ಬರೆದು, ಮೂಲ ವಿಜ್ಞಾನಕ್ಕೆ ದುಡ್ಡು ಕೊಡುವ ಒಂದು ಕಡೆ ಕಳಿಸಿದ್ದೆ. ನಲವತ್ತು ಪುಟ. ತಿಂಗಳುಗಟ್ಟಲೆ ಕಾದ ಮೇಲೆ ಉತ್ತರ ಬಂತು: ಉಪಯುಕ್ತ ಕೆಲಸ, ಆದರೆ ಇದರಲ್ಲಿ ಹೊಸ ವಿಜ್ಞಾನ ಎಲ್ಲಿದೆ? ಆವತ್ತು ಸಿಟ್ಟು ಬಂದಿತ್ತು. ಈಗ ನೋಡಿದರೆ ಅವರು ಹೇಳಿದ್ದು ಸರಿ. ನಾನು ಹೋಗಿದ್ದು ಬಟ್ಟೆ ಅಂಗಡಿಗೆ, ಕೇಳಿದ್ದು ಬೆಲ್ಲ.

ಹಾಗಾಗಿ ಈ ಬರಹ. ಕರ್ನಾಟಕದಲ್ಲಿ ಕೂತು ಸೋಲಾರ್, ಬ್ಯಾಟರಿ, ಜೈವಿಕ ಇಂಧನ, ಗ್ರಿಡ್, ಹೈಡ್ರೋಜನ್ ಇಂಥದ್ದರ ಮೇಲೆ ಕೆಲಸ ಮಾಡುವ ಮೇಷ್ಟ್ರು, ಪಿಎಚ್‌ಡಿ ಹುಡುಗರು, ಸಣ್ಣ ಕಂಪನಿಯವರು ಎಲ್ಲಿಗೆ ಹೋಗಬಹುದು, ಎಲ್ಲಿಗೆ ಹೋಗಬಾರದು ಅಂತ.

ಪೇಪರ್ ಕೇಳುವವರು

ಎಎನ್‌ಆರ್‌ಎಫ್, ಅಂದರೆ ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್. ಮೊದಲು ಇಂಥ ಗ್ರಾಂಟು ಕೊಡುತ್ತಿದ್ದ ಕೇಂದ್ರದ ಎಸ್‌ಇಆರ್‌ಬಿ ಮಂಡಳಿ ಇದರೊಳಗೆ ಸೇರಿಕೊಂಡಿದೆ. 2023ರಲ್ಲಿ ಕಾಯ್ದೆ ಆಯಿತು, 2024ರ ಫೆಬ್ರವರಿಯಲ್ಲಿ ಜಾರಿಗೆ ಬಂತು. 5 ವರ್ಷಕ್ಕೆ 50,000 ಕೋಟಿ ಅಂತ ಆಗ ಎಲ್ಲ ಕಡೆ ಓದಿರುತ್ತೀರಿ. ಅದರಲ್ಲಿ 36,000 ಕೋಟಿ ಕಂಪನಿಗಳಿಂದ, ದಾನಿಗಳಿಂದ, ಒಟ್ಟಿನಲ್ಲಿ ಸರ್ಕಾರದ ಹೊರಗಿನಿಂದ ಬರಬೇಕು ಅನ್ನುವುದು ಲೆಕ್ಕ. ದೊಡ್ಡ ಅಂಕಿ ಕಂಡಾಗಲೆಲ್ಲ ಒಡೆದು ನೋಡುವ ಅಭ್ಯಾಸ ಮಾಡಿಕೊಳ್ಳಿ, ಮುಂದೆ ಇನ್ನೂ ಎರಡು ಸಲ ಇದೇ ಮಾತು ಬರುತ್ತದೆ.

ಇಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಮೇಷ್ಟ್ರಿಗೆ ಒಳ್ಳೆಯ ದಾರಿ ಅಂದರೆ ಪ್ರೈಮ್ ಮಿನಿಸ್ಟರ್ ಅರ್ಲಿ ಕರಿಯರ್ ರಿಸರ್ಚ್ ಗ್ರಾಂಟ್. 3 ವರ್ಷಕ್ಕೆ 60 ಲಕ್ಷದವರೆಗೆ. ವಯಸ್ಸಿನ ಮಿತಿ 42, ಕೆಲವು ವರ್ಗಗಳಿಗೆ ಸಡಿಲಿಕೆ ಇದೆ. ನಿಮ್ಮ ಕೆಲಸ ವಸ್ತುವಿನೊಳಗೆ ಏನಾಗುತ್ತದೆ ಅನ್ನೋದರ ಬಗ್ಗೆ ಇದ್ದರೆ, ಅಂದರೆ ಸೋಡಿಯಂ ಬ್ಯಾಟರಿಯ ಎಲೆಕ್ಟ್ರೋಡ್, ಪೆರೋವ್‌ಸ್ಕೈಟ್ ಸೋಲಾರ್ ಸೆಲ್, ನೀರನ್ನು ಒಡೆಯುವ ಕ್ಯಾಟಲಿಸ್ಟ್ ಇಂಥದ್ದು, ಎರಡನೇ ಯೋಚನೆ ಮಾಡದೆ ಇಲ್ಲಿಗೆ ಹೋಗಿ. ಅವರು ಕೇಳುವುದು ಒಳ್ಳೆಯ ಪ್ರಶ್ನೆ ಮತ್ತು ಒಳ್ಳೆಯ ಜರ್ನಲಿನಲ್ಲಿ ಬರುವ ಉತ್ತರ. ಪ್ರಯೋಗ ಸೋತರೂ ಯಾಕೆ ಸೋತಿತು ಅಂತ ಬರೆದರೆ ನಡೆಯುತ್ತದೆ. ಇಡೀ ಪಟ್ಟಿಯಲ್ಲಿ ಸೋಲನ್ನು ಇಷ್ಟು ಸಲೀಸಾಗಿ ಸಹಿಸುವವರು ಇವರೊಬ್ಬರೇ ಅಂತ ನನ್ನ ಅನುಭವ, ಅದು ಸಣ್ಣ ಮಾತಲ್ಲ.

ಎಎನ್‌ಆರ್‌ಎಫ್ ಒಳಗೇ ಇನ್ನೊಂದು ಬೇರೆ ಥರದ್ದಿದೆ, ಎಲೆಕ್ಟ್ರಿಕ್ ವಾಹನಗಳ ಮಹಾ-ಇವಿ ಮಿಷನ್. ಇದರಲ್ಲಿ 3 ವಿಭಾಗ: ಉಷ್ಣವಲಯಕ್ಕೆ ಹೊಂದುವ ಬ್ಯಾಟರಿ, ಪವರ್ ಎಲೆಕ್ಟ್ರಾನಿಕ್ಸ್ ಮತ್ತು ಮೋಟಾರು, ಚಾರ್ಜಿಂಗ್ ವ್ಯವಸ್ಥೆ. ಮೊದಲನೆಯದು ನನಗೆ ತುಂಬಾ ಇಷ್ಟವಾದದ್ದು. ಕಲಬುರಗಿ, ರಾಯಚೂರಿನ ಏಪ್ರಿಲ್ ತಿಂಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಸ್ಕೂಟರಿನ ಬ್ಯಾಟರಿ ಏನು ಅನುಭವಿಸುತ್ತದೆ ಅನ್ನೋದು ತಂಪು ದೇಶದ ಲ್ಯಾಬಿನಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು? ಆದರೆ ಇಲ್ಲಿ ಒಬ್ಬಂಟಿಯಾಗಿ ಹೋಗುವ ಹಾಗಿಲ್ಲ. ಹಲವು ಸಂಸ್ಥೆಗಳು ಸೇರಬೇಕು, ಜೊತೆಗೆ ಉದ್ಯಮದವರೂ ಬೇಕು. ಸಣ್ಣ ಕಾಲೇಜಿನವರು ತಾವೇ ಮುಂದಾಳತ್ವ ವಹಿಸುವ ಹಟ ಬಿಟ್ಟು, ಐಐಎಸ್‌ಸಿ ಥರದ ದೊಡ್ಡ ಸಂಸ್ಥೆಯ ಗುಂಪಿನಲ್ಲಿ ಒಂದು ತುಂಡು ಕೆಲಸ ಹಿಡಿಯುವುದೇ ವಾಸಿ.

ರಿಪೋರ್ಟ್ ಕೇಳುವವರು ನಮ್ಮೂರಲ್ಲೇ ಇದ್ದಾರೆ

ಬೆಂಗಳೂರಿನ ಸದಾಶಿವನಗರದ ಕಡೆ ಓಡಾಡಿದವರು ಸಿಪಿಆರ್‌ಐ ಬೋರ್ಡು ನೋಡಿರುತ್ತೀರಿ. ಸೆಂಟ್ರಲ್ ಪವರ್ ರಿಸರ್ಚ್ ಇನ್‌ಸ್ಟಿಟ್ಯೂಟ್. 1960ರಲ್ಲಿ ಶುರುವಾಗಿ 1978ರಲ್ಲಿ ಸ್ವಾಯತ್ತ ಸಂಸ್ಥೆ ಆಯಿತು, ಕೇಂದ್ರ ವಿದ್ಯುತ್ ಸಚಿವಾಲಯದ ಕೆಳಗೆ ಬರುತ್ತದೆ. ಜಾಸ್ತಿ ಜನಕ್ಕೆ ಇದು ಟ್ರಾನ್ಸ್‌ಫಾರ್ಮರ್, ಕೇಬಲ್, ಮೀಟರ್ ಪರೀಕ್ಷೆ ಮಾಡುವ ಜಾಗ ಅಂತಷ್ಟೇ ಗೊತ್ತು. ಆದರೆ ಸಚಿವಾಲಯದ ಸಂಶೋಧನಾ ಯೋಜನೆಗಳನ್ನು ನೋಡಿಕೊಳ್ಳುವುದೂ ಇವರೇ. ಕಾಲೇಜುಗಳಿಗೆ, ವಿದ್ಯುತ್ ಕಂಪನಿಗಳಿಗೆ ಆರ್‌ಎಸ್‌ಒಪಿ, ಅಂದರೆ ರಿಸರ್ಚ್ ಸ್ಕೀಮ್ ಆನ್ ಪವರ್. ಉದ್ಯಮವನ್ನೂ ಸೇರಿಸಿಕೊಂಡ ದೊಡ್ಡ ಕೆಲಸಕ್ಕೆ ಎನ್‌ಪಿಪಿ, ನ್ಯಾಷನಲ್ ಪರ್ಸ್‌ಪೆಕ್ಟಿವ್ ಪ್ಲಾನ್.

ನಮ್ಮ ರಾಜ್ಯದ ಎಲೆಕ್ಟ್ರಿಕಲ್ ವಿಭಾಗಗಳು ಈ ದಾರಿಯನ್ನು ಯಾಕೆ ಇಷ್ಟು ಕಡಿಮೆ ಬಳಸುತ್ತವೆ ಅಂತ ನನಗೆ ಅರ್ಥವಾಗಿಲ್ಲ. ಒಂದು ಉದಾಹರಣೆ ನೋಡಿ. ಟ್ರಾನ್ಸ್‌ಫಾರ್ಮರ್ ಒಳಗೆ ತಂಪು ಮಾಡಲಿಕ್ಕೆ, ವಿದ್ಯುತ್ ಸೋರದಂತೆ ತಡೆಯಲಿಕ್ಕೆ ಪೆಟ್ರೋಲಿಯಂ ಮೂಲದ ಎಣ್ಣೆ ತುಂಬಿರುತ್ತಾರೆ. ಅದರ ಬದಲು ಹೊಂಗೆ ಎಣ್ಣೆಯನ್ನು ಸಂಸ್ಕರಿಸಿ ಬಳಸಬಹುದಾ ಅನ್ನೋದು ಹಲವರು ಕೆಲಸ ಮಾಡಿರುವ ವಿಷಯ. ಹೊಂಗೆ ನಮ್ಮ ಬದುವಿನ ಮರ. ರಾಜ್ಯ ಜೈವಿಕ ಇಂಧನ ಮಂಡಳಿ 'ಹಸಿರು ಹೊನ್ನು', 'ಬರಡು ಬಂಗಾರ' ಅಂತ ಯೋಜನೆಗಳನ್ನೇ ಮಾಡಿತ್ತು, ಹಾಸನದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದವರು ಬಯೋಫ್ಯೂಯಲ್ ಪಾರ್ಕ್ ಬೆಳೆಸಿದರು. ಈ ವಿಷಯವನ್ನೇ ತಗೊಳ್ಳಿ. ಎಣ್ಣೆಯ ಅಣುವಿನ ರಚನೆ ಬದಲಾದರೆ ವಿದ್ಯುತ್ ನಿರೋಧ ಹೇಗೆ ಬದಲಾಗುತ್ತದೆ ಅಂತ ಕೇಳಿದರೆ ಅದು ಎಎನ್‌ಆರ್‌ಎಫ್ ಪ್ರಶ್ನೆ. ಹಳ್ಳಿಯ 25 ಕೆವಿಎ ಟ್ರಾನ್ಸ್‌ಫಾರ್ಮರಿಗೆ ಇದನ್ನು ತುಂಬಿದರೆ ಎಷ್ಟು ವರ್ಷ ಬಾಳುತ್ತದೆ, ತೇವ ಎಷ್ಟು ಎಳೆದುಕೊಳ್ಳುತ್ತದೆ, ಎಸ್ಕಾಂನವರು, ಅಂದರೆ ಮನೆಮನೆಗೆ ಕರೆಂಟು ಕೊಡುವ ಕಂಪನಿಯವರು, ಒಪ್ಪಬೇಕಾದರೆ ಯಾವ ಪರೀಕ್ಷೆ ಪಾಸಾಗಬೇಕು ಅಂತ ಕೇಳಿದರೆ ಸಿಪಿಆರ್‌ಐ ಪ್ರಶ್ನೆ. ವಸ್ತು ಒಂದೇ, ಎಣ್ಣೆ ಒಂದೇ. ಬದಲಾದದ್ದು ಪ್ರಶ್ನೆ ಮಾತ್ರ. ಪ್ರಪೋಸಲ್ ಬರೆಯುವ ಕಲೆ ಅಂತ ಏನಾದರೂ ಇದ್ದರೆ ಅದು ಇಷ್ಟೇ.

ಇಲ್ಲಿ ಗೆಲ್ಲಬೇಕಾದರೆ ಒಬ್ಬ ಬಳಕೆದಾರ ಬೇಕು. ನಿಮ್ಮ ಜಿಲ್ಲೆಯ ಎಸ್ಕಾಂನ ಒಬ್ಬ ಕಾರ್ಯಪಾಲಕ ಎಂಜಿನಿಯರು "ಹೌದು, ಇದು ನಮ್ಮ ತಲೆನೋವು" ಅಂತ ಒಂದು ಪತ್ರ ಕೊಟ್ಟರೆ, ಹತ್ತು ಪೇಪರ್ ಬರೆದದ್ದಕ್ಕಿಂತ ಜಾಸ್ತಿ ತೂಕ. ಪರೀಕ್ಷೆಯ ಶುಲ್ಕವನ್ನು ಬಜೆಟ್ಟಿನಲ್ಲಿ ಮೊದಲೇ ಹಾಕಿ. ನಂತರ ಕೇಳಿದರೆ ಯಾರೂ ಕೊಡುವುದಿಲ್ಲ.

ಇದರ ಪಕ್ಕದಲ್ಲೇ ಇರುವುದು ಮಹಿರ್ ಅನ್ನುವ ಸಂಶೋಧನಾ ಮಿಷನ್, 2023ರಲ್ಲಿ ವಿದ್ಯುತ್ ಸಚಿವಾಲಯ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯ ಸೇರಿ ಶುರು ಮಾಡಿದ್ದು, 2027-28ರವರೆಗಿನ ಯೋಜನೆ. ಕಚೇರಿ ಕೆಲಸ ನೋಡಿಕೊಳ್ಳುವ ಜವಾಬ್ದಾರಿ ಮತ್ತೆ ಸಿಪಿಆರ್‌ಐಗೇ. 8 ವಿಷಯ ಗುರುತಿಸಿದ್ದಾರೆ. ಲಿಥಿಯಂಗೆ ಬದಲಿ, ಭೂಮಿಯೊಳಗಿನ ಶಾಖ, ಇಂಗಾಲ ಹಿಡಿದಿಡುವುದು, ಟ್ರಾನ್ಸ್‌ಫಾರ್ಮರಿನ ಹೃದಯವಾದ ಸಿಆರ್‌ಜಿಒ ಉಕ್ಕು, ಹೀಗೆ. ಎಲ್ಲದರ ನಡುವೆ ಒಂದು ಕಂಡು ನಗು ಬಂತು, ಖುಷಿಯೂ ಆಯಿತು: ಎಲೆಕ್ಟ್ರಿಕ್ ಒಲೆ, ಪಾತ್ರೆಗಳನ್ನು ಭಾರತದ ಅಡುಗೆಗೆ ತಕ್ಕಂತೆ ಬದಲಾಯಿಸುವುದು. ಸುಮ್ನೆ ಅಲ್ಲ ಸ್ವಾಮಿ. ಇಂಡಕ್ಷನ್ ಒಲೆ ಮೇಲೆ ಜೋಳದ ರೊಟ್ಟಿ ಉಬ್ಬಿಸಿ ತೋರಿಸಿ ನೋಡೋಣ. ಉತ್ತರ ಕರ್ನಾಟಕದ ಯಾವುದಾದರೂ ಕಾಲೇಜು ಇದನ್ನು ಹಿಡಿಯಲಿ ಅಂತ ನನ್ನ ಆಸೆ.

ಓಡಿಸಿ ತೋರಿಸಿ ಅನ್ನುವವರು

ನವೀಕರಿಸಬಹುದಾದ ಇಂಧನ ಸಚಿವಾಲಯ, ಎಲ್ಲರ ಬಾಯಲ್ಲಿ ಎಂಎನ್‌ಆರ್‌ಇ. ಸದ್ಯ ಮಂತ್ರಿ ನಮ್ಮ ಧಾರವಾಡದ ಪ್ರಲ್ಹಾದ ಜೋಶಿ. ಇವರ ಸಂಶೋಧನಾ ಯೋಜನೆಗೆ 2021-22ರಿಂದ 2025-26ರ ಅವಧಿಗೆ ಇಟ್ಟಿದ್ದು 228 ಕೋಟಿ. ವರ್ಷಕ್ಕೆ ಸುಮಾರು 45 ಕೋಟಿ, ಇಡೀ ದೇಶಕ್ಕೆ. ಕಮ್ಮಿ ಅಲ್ವಾ? ಹಾಗಾಗಿ ಪೈಪೋಟಿ ಗಟ್ಟಿ. ಸರ್ಕಾರಿ ಮತ್ತು ಲಾಭಕ್ಕಲ್ಲದ ಸಂಶೋಧನಾ ಸಂಸ್ಥೆಗೆ ಪೂರ್ತಿ 100% ಕೊಡಬಹುದು. ಕಂಪನಿ, ಸ್ಟಾರ್ಟಪ್, ಖಾಸಗಿ ಸಂಸ್ಥೆ ಆದರೆ 70%ರವರೆಗೆ, ಉಳಿದದ್ದು ನೀವೇ ಹಾಕಬೇಕು. ಆ ಉಳಿದ 30% ಎಲ್ಲಿಂದ ಅಂತ ಯೋಚಿಸದೆ ಅರ್ಜಿ ಹಾಕಿ, ಮಂಜೂರಾದ ಮೇಲೆ ಕೈಚೆಲ್ಲಿ ಕೂತವರನ್ನು ಕಂಡಿದ್ದೇನೆ.

ಇಲ್ಲಿ ಪೇಪರ್ ಯಾರೂ ಎಣಿಸುವುದಿಲ್ಲ. ಯಂತ್ರ ಬೇಕು, ಅದರ ಅಳತೆ ಬೇಕು, ಈಗಿರುವುದಕ್ಕಿಂತ ಎಷ್ಟು ಅಗ್ಗ, ಎಷ್ಟು ಬಾಳಿಕೆ ಅನ್ನುವ ಅಂಕಿ ಬೇಕು.

ಅದೇ ಸಚಿವಾಲಯದ ಹಸಿರು ಹೈಡ್ರೋಜನ್ ಮಿಷನ್ನಿಗೆ 2023ರ ಜನವರಿಯಲ್ಲಿ ಒಪ್ಪಿಗೆ ಸಿಕ್ಕಿತು, ಮೊತ್ತ 19,744 ಕೋಟಿ. ಕೇಳಿದ ಕೂಡಲೇ ಅರ್ಧ ಕೆಮಿಸ್ಟ್ರಿ ವಿಭಾಗಗಳು ಹೈಡ್ರೋಜನ್ ವಿಭಾಗ ಆಗಿಬಿಟ್ಟವು. ಒಡೆದು ನೋಡಿ ಅಂದಿದ್ದೆನಲ್ಲ: ಅದರಲ್ಲಿ 17,490 ಕೋಟಿ ಎಲೆಕ್ಟ್ರೋಲೈಸರ್ ತಯಾರಿಸುವವರಿಗೆ, ಹೈಡ್ರೋಜನ್ ಉತ್ಪಾದಿಸುವವರಿಗೆ ಪ್ರೋತ್ಸಾಹಧನ. ಪ್ರಾಯೋಗಿಕ ಘಟಕಗಳಿಗೆ 1,466 ಕೋಟಿ. ಸಂಶೋಧನೆಗೆ 400 ಕೋಟಿ, ನೂರಕ್ಕೆ ಎರಡು ರೂಪಾಯಿ. ತಪ್ಪು ಅಂತ ಹೇಳುತ್ತಿಲ್ಲ. ಮಿಷನ್ ಅಂದರೆ ಕಾರ್ಖಾನೆ ಎಬ್ಬಿಸುವುದು, ಸಂಶೋಧನೆ ಅದರ ಒಂದು ಮೂಲೆ. ಆದರೆ ಹೆಡ್‌ಲೈನಿನ ಅಂಕಿ ನೋಡಿ ತಮ್ಮ ವಿಷಯವನ್ನೇ ಬದಲಾಯಿಸಿಕೊಂಡವರನ್ನು ಕಂಡಾಗ ಪಾಪ ಅನಿಸುತ್ತದೆ.

ಅಣುವಿದ್ಯುತ್ತಿನದ್ದೂ ಇದೇ ಕತೆ. 2025ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಮಾಡ್ಯುಲರ್ ರಿಯಾಕ್ಟರುಗಳ ಸಂಶೋಧನೆ, ಅಭಿವೃದ್ಧಿಗೆ 20,000 ಕೋಟಿಯ ಮಿಷನ್ ಘೋಷಿಸಿದರು, 2033ರ ಹೊತ್ತಿಗೆ ಕನಿಷ್ಠ 5 ದೇಶೀ ರಿಯಾಕ್ಟರು ಓಡಬೇಕು ಅಂತ. ವಿನ್ಯಾಸದ ಕೆಲಸ ಬಾರ್ಕ್ (ಭಾಭಾ ಅಣು ಸಂಶೋಧನಾ ಕೇಂದ್ರ) ಥರದ, ಅಣುಶಕ್ತಿ ಇಲಾಖೆಯ ಒಳಗಿನವರದ್ದೇ. ಕೈಗಾ ಅಣುಸ್ಥಾವರ ನಮ್ಮ ಜಿಲ್ಲೆಯಲ್ಲಿದೆ ಅಂತ ಕಾರವಾರದ ಕಾಲೇಜಿಗೆ ಅದರಲ್ಲಿ ಪಾಲು ಬರುವುದಿಲ್ಲ. ಹೊರಗಿನವರಿಗೆ ಇರುವ ದಾರಿ ಬಿಆರ್‌ಎನ್‌ಎಸ್, ಅಣುಶಕ್ತಿ ಇಲಾಖೆಯ ಸಂಶೋಧನಾ ಮಂಡಳಿ. ಇಲಾಖೆಯೊಳಗಿನ ಒಬ್ಬ ವಿಜ್ಞಾನಿಯನ್ನು ಜೊತೆಗಾರರಾಗಿ ಹಿಡಿಯದೆ ಅಲ್ಲಿಗೆ ಹೋಗುವುದು ದಂಡ. ಹಿಡಿದರೆ ಮಾತ್ರ ಒಳ್ಳೆಯ ಸಂಬಂಧ, ವರ್ಷಗಟ್ಟಲೆ ಉಳಿಯುತ್ತದೆ.

ಕಂಪನಿ ಕಟ್ಟಿ ಅನ್ನುವವರು

ಇವರ ಮುಂದೆ ಪಿಎಚ್‌ಡಿ, ಪೇಪರ್ ಎಲ್ಲ ಮೂಲೆಗೆ. ಯಾರು ಕೊಳ್ಳುತ್ತಾರೆ, ಎಷ್ಟಕ್ಕೆ ಕೊಳ್ಳುತ್ತಾರೆ, ನಿಮ್ಮ ತಂಡದಲ್ಲಿ ಮಾರುವವರು ಯಾರು, ಅದೇ ಪ್ರಶ್ನೆ.

ತಲೆಯಲ್ಲಿರುವುದನ್ನು ಕೈಯಲ್ಲಿ ಹಿಡಿಯುವ ಹಾಗೆ ಮಾಡಬೇಕು ಅಂದರೆ ನಿಧಿ-ಪ್ರಯಾಸ್, 10 ಲಕ್ಷದವರೆಗೆ, ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯದ್ದು, ಸಿಗುವುದು ಇನ್‌ಕ್ಯುಬೇಟರುಗಳ, ಅಂದರೆ ಹೊಸ ಕಂಪನಿಗಳನ್ನು ಬೆಳೆಸುವ ಕೇಂದ್ರಗಳ ಮೂಲಕ. ಕಂಪನಿ ಆಗಿದ್ದರೆ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್, ಪ್ರಯೋಗ ಮತ್ತು ಪ್ರೋಟೋಟೈಪಿಗೆ 20 ಲಕ್ಷದವರೆಗೆ ಗ್ರಾಂಟ್, ಮಾರುಕಟ್ಟೆಗೆ ಇಳಿಯಲಿಕ್ಕೆ 50 ಲಕ್ಷದವರೆಗೆ ಸಾಲ ಅಥವಾ ಷೇರಾಗಿ ಬದಲಾಗುವ ಸಾಲದ ರೂಪದಲ್ಲಿ. ಒಂದು ಗಮನಿಸಿ: ಅರ್ಜಿ ಹಾಕುವಾಗ ಕಂಪನಿ ನೋಂದಣಿ ಆಗಿ 2 ವರ್ಷ ದಾಟಿರಬಾರದು. ಉತ್ಸಾಹದಲ್ಲಿ ಓದುವಾಗಲೇ ಕಂಪನಿ ರಿಜಿಸ್ಟರ್ ಮಾಡಿ, ಕೆಲಸ ಹದಕ್ಕೆ ಬರುವ ಹೊತ್ತಿಗೆ ಗಡುವು ಕಳೆದುಕೊಂಡ ಹುಡುಗರು ಕಡಿಮೆಯೇನಿಲ್ಲ. ಯಂತ್ರ ಮೊದಲು, ವಿಸಿಟಿಂಗ್ ಕಾರ್ಡ್ ಆಮೇಲೆ.

ಸ್ಟಾರ್ಟಪ್ಪುಗಳಿಗೆ ಕರ್ನಾಟಕ ಸರ್ಕಾರ ನಡೆಸುವ ಎಲಿವೇಟ್ ಯೋಜನೆ 50 ಲಕ್ಷದವರೆಗೆ ಕೊಡುತ್ತದೆ, ಕಂಪನಿಯಲ್ಲಿ ಪಾಲು ಕೇಳುವುದಿಲ್ಲ. 2017ರಿಂದ ನಡೆಯುತ್ತಿದೆ. ಗುರಿ ಮುಟ್ಟಿದ ಹಾಗೆ ಕಂತು ಬಿಡುಗಡೆ. ನಮ್ಮ ರಾಜ್ಯದ ಇಂಧನ ಸ್ಟಾರ್ಟಪ್ಪಿಗೆ ಮೊದಲ ದೊಡ್ಡ ಹೆಜ್ಜೆಗೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ, ಮೇಲೆ ಕನ್ನಡದಲ್ಲಿ ಮಾತಾಡಿದರೂ ಅರ್ಥ ಮಾಡಿಕೊಳ್ಳುವವರು ಎದುರಿಗೆ ಇರುತ್ತಾರೆ. ನಿಮ್ಮದು ಜೀವಶಾಸ್ತ್ರ ಸೇರಿದ ಕೆಲಸ, ಅಂದರೆ ಪಾಚಿ, ಕಿಣ್ವ, ಹುಲ್ಲಿನಿಂದ ಎಥನಾಲ್ ಇಂಥದ್ದಾದರೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಸಂಸ್ಥೆ ಬೈರಾಕ್‌ನ ಬಿಗ್ ಗ್ರಾಂಟ್ ನೋಡಿ, 18 ತಿಂಗಳಿಗೆ 50 ಲಕ್ಷದವರೆಗೆ.

ದುಡ್ಡನ್ನೇ ವಾಪಸ್ ಕೇಳುವವರು

ಲ್ಯಾಬ್ ದಾಟಿ, ಒಂದು ಮಾದರಿ ಓಡಿ, ಈಗ ನೂರು ಮಾಡಬೇಕು ಅನ್ನುವ ಹಂತಕ್ಕೆ ಗ್ರಾಂಟ್ ಸಿಗುವುದು ಅಪರೂಪ. ಅಲ್ಲಿ ಸಾಲ. 1996ರಿಂದ ಇರುವ ಟೆಕ್ನಾಲಜಿ ಡೆವಲಪ್‌ಮೆಂಟ್ ಬೋರ್ಡ್ ಯೋಜನೆಯ ಅರ್ಧ ಖರ್ಚಿನವರೆಗೆ 5% ಸರಳ ಬಡ್ಡಿಗೆ ಕೊಡುತ್ತದೆ. ಬ್ಯಾಂಕಿನಲ್ಲಿ ಕೇಳಿ ನೋಡಿದವರಿಗೆ ಆ 5%ರ ಬೆಲೆ ಗೊತ್ತು.

ಹೊಸದು ಆರ್‌ಡಿಐ ನಿಧಿ, ಅಂದರೆ ಸಂಶೋಧನೆ, ಅಭಿವೃದ್ಧಿ ಮತ್ತು ಹೊಸ ಆವಿಷ್ಕಾರದ ನಿಧಿ. 2025ರ ಜುಲೈನಲ್ಲಿ ಕೇಂದ್ರ ಸಂಪುಟ ಒಪ್ಪಿತು. 1 ಲಕ್ಷ ಕೋಟಿ! ಮತ್ತೆ ಒಡೆದು ನೋಡೋಣ. ಇದು ಖಾಸಗಿ ವಲಯಕ್ಕೆ, ಕಡಿಮೆ ಬಡ್ಡಿಗೆ ಅಥವಾ ಬಡ್ಡಿ ಇಲ್ಲದೆ ದೀರ್ಘಾವಧಿ ಸಾಲ, ಸ್ಟಾರ್ಟಪ್ಪಿಗಾದರೆ ಷೇರು ಬಂಡವಾಳವೂ ಆಗಬಹುದು. ಸರ್ಕಾರ ನೇರವಾಗಿ ಕೈಗೆ ಕೊಡುವುದಿಲ್ಲ, ನಡುವೆ ನಿಧಿ ನಿರ್ವಾಹಕರು ಇರುತ್ತಾರೆ. ಮೇಲಾಗಿ ತಂತ್ರಜ್ಞಾನ ಟಿಆರ್‌ಎಲ್ 4 ಅಥವಾ ಅದಕ್ಕಿಂತ ಮೇಲಿರಬೇಕು. ಟಿಆರ್‌ಎಲ್ ಅಂದರೆ ಎಷ್ಟು ಮಾಗಿದೆ ಅನ್ನುವ ಅಳತೆ, 1ರಿಂದ 9ರವರೆಗೆ. 1 ಅಂದರೆ ಇನ್ನೂ ಕಪ್ಪು ಹಲಗೆಯ ಮೇಲಿದೆ, 4 ಅಂದರೆ ಲ್ಯಾಬಿನಲ್ಲಿ ಕೆಲಸ ಮಾಡಿ ತೋರಿಸಿದ್ದೀರಿ, 9 ಅಂದರೆ ಊರ ತುಂಬ ಓಡುತ್ತಿದೆ. ಕಾಲೇಜಿನ ಮೇಷ್ಟ್ರು ಇದನ್ನು ತಮ್ಮ ದುಡ್ಡು ಅಂದುಕೊಂಡರೆ ನಿರಾಸೆ ಖಂಡಿತ. ಆದರೆ ನೀವು ನಾಲ್ಕು ವರ್ಷ ಬೆವರು ಸುರಿಸಿದ ಬ್ಯಾಟರಿಯನ್ನು ಒಂದು ಕಂಪನಿ ಎತ್ತಿಕೊಳ್ಳಲು ತಯಾರಿದ್ದರೆ, ಅವರ ಕೈಗೆ ಬಲ ಬರುವುದು ಇಲ್ಲಿಂದ.

ಸಣ್ಣ ದುಡ್ಡಿನ ದೊಡ್ಡ ಗುಣ

ಕೋಟಿಗಳ ಮಾತಿನಲ್ಲಿ ಮರೆತು ಹೋಗುವುದು ಕೆಎಸ್‌ಸಿಎಸ್‌ಟಿ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, ಐಐಎಸ್‌ಸಿ ಆವರಣದಲ್ಲೇ ಇದೆ, 1975ರದ್ದು. ಎಂಜಿನಿಯರಿಂಗ್ ಕೊನೆಯ ವರ್ಷದವರ ಪ್ರಾಜೆಕ್ಟಿಗೆ ಕೆಲವು ಸಾವಿರ ರೂಪಾಯಿ ಕೊಡುವ ಇವರ ಯೋಜನೆ 40 ವರ್ಷಕ್ಕೂ ಮೇಲೆ ನಡೆದುಕೊಂಡು ಬಂದಿದೆ. ಜೈವಿಕ ಇಂಧನದ ಪ್ರಾಜೆಕ್ಟುಗಳಿಗೆ ಪ್ರತ್ಯೇಕ ಅವಕಾಶವೂ ಇದೆ. ಆ ಸಾವಿರಗಳಿಂದ ಏನಾಗುತ್ತದೆ ಅಂತ ಮೂಗು ಮುರಿಯಬೇಡಿ. ಮೊದಲ ಡೇಟಾ ಸಿಗುವುದು ಅದರಿಂದಲೇ, ಮತ್ತು ಆ ಡೇಟಾ ಇಲ್ಲದೆ ಮೇಲೆ ಹೇಳಿದ ಯಾರೂ ನಿಮ್ಮನ್ನು ಒಳಗೆ ಬಿಡುವುದಿಲ್ಲ.

ಈ ಮಂಡಳಿಯ ಶುರುವಿನ ದಿನಗಳಲ್ಲಿ ಕಾರ್ಯದರ್ಶಿ ಆಗಿದ್ದವರು ಅಮೂಲ್ಯ ರೆಡ್ಡಿ. ಅವರೇ 1974ರಲ್ಲಿ ಐಐಎಸ್‌ಸಿಯಲ್ಲಿ ಅಸ್ತ್ರ ಅನ್ನುವ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕಟ್ಟಿದರು. ಹೊಗೆ ಕಡಿಮೆ, ಸೌದೆ ಕಡಿಮೆ ಬೇಡುವ, ಮೂರು ಪಾತ್ರೆ ಇಡುವ ಅಸ್ತ್ರ ಒಲೆ ಬಂದದ್ದು ಅಲ್ಲಿಂದ. ನಮ್ಮ ಅಜ್ಜಿ ಮನೆಯಲ್ಲೂ ಒಂದಿತ್ತು. ಕುಣಿಗಲ್ ತಾಲ್ಲೂಕಿನ ಪುರ ಅನ್ನುವ ಹಳ್ಳಿಯಲ್ಲಿ ಇದೇ ತಂಡ ಸಗಣಿ ಗ್ಯಾಸಿನ ಘಟಕ ಹಾಕಿತು. ಮೊದಲು ಅಂದುಕೊಂಡದ್ದು ಎಲ್ಲ ಮನೆಗೂ ಅಡುಗೆ ಗ್ಯಾಸ್ ಕೊಡುವುದು. ಅಷ್ಟು ಗ್ಯಾಸು ಸಾಲಲಿಲ್ಲ. ಹಟ ಹಿಡಿಯದೆ ದಾರಿ ಬದಲಿಸಿದರು. 1987ರಿಂದ ಆ ಗ್ಯಾಸಿನಲ್ಲಿ ಎಂಜಿನ್ ಓಡಿಸಿ ಮನೆಗಳಿಗೆ ಲೈಟು, ನಲ್ಲಿಗೆ ನೀರು. ಊರಿಗೆ ನಿಜವಾಗಿ ಬೇಕಾಗಿದ್ದು ನೀರೇ.

ಇದನ್ನು ಯಾಕೆ ಹೇಳಿದೆ ಅಂದರೆ, ಹೋಲಿಸುವಾಗ ಎಲ್ಲೂ ಬರೆದಿರದ ಒಂದು ಗುಣ ಇದೆ: ಮಧ್ಯದಲ್ಲಿ ಗುರಿ ಬದಲಿಸಲು ಬಿಡುತ್ತಾರಾ? ಸಣ್ಣ ಗ್ರಾಂಟು, ಮೂಲ ವಿಜ್ಞಾನದ ಗ್ರಾಂಟು ಬಿಡುತ್ತವೆ. ಗುರಿಗೆ ಕಂತು ಕಟ್ಟಿದ ಯೋಜನೆಗಳು ಸುಲಭಕ್ಕೆ ಬಿಡುವುದಿಲ್ಲ. ನಿಮ್ಮ ಐಡಿಯಾ ಇನ್ನೂ ಹಸಿಯಾಗಿದ್ದರೆ ಗುರಿಗೆ ಕಟ್ಟಿದ ದುಡ್ಡು ತಗೊಳ್ಳಬೇಡಿ, ಅದು ಎಷ್ಟೇ ಇರಲಿ.

ದುಡ್ಡು ಬಂದ ಮೇಲಿನ ಕತೆ

ಯಾವುದೇ ಕಡೆ ಹೋಗಿ, ಇದು ಮಾತ್ರ ತಪ್ಪುವುದಿಲ್ಲ. ವರ್ಷದ ಕೊನೆಗೆ ಯುಸಿ, ಅಂದರೆ ಬಳಕೆ ಪ್ರಮಾಣಪತ್ರ, ಜಿಎಫ್‌ಆರ್ 12-ಎ ನಮೂನೆಯಲ್ಲಿ. ಅದು ಹೋಗದೆ ಮುಂದಿನ ಕಂತು ಬರುವುದಿಲ್ಲ. ನನ್ನದೊಂದು ಪ್ರಾಜೆಕ್ಟಿನಲ್ಲಿ ಎರಡನೇ ವರ್ಷದ ಕಂತು ಎಂಟು ತಿಂಗಳು ತಡವಾಯಿತು. ಮಂಜೂರಾತಿ ಪತ್ರ ಕೈಯಲ್ಲಿತ್ತು, ಖಾತೆಯಲ್ಲಿ ದುಡ್ಡಿರಲಿಲ್ಲ, ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವ ಹಾಗೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ವಿಜಯಪುರದ ಹುಡುಗಿ ಅಷ್ಟೂ ತಿಂಗಳು ಫೆಲೋಶಿಪ್ ಇಲ್ಲದೆ ಪಿಜಿ ಬಾಡಿಗೆ ಹೇಗೆ ಕಟ್ಟಿದಳೋ. ಕೇಳಿದರೆ "ಇರ್ಲಿ ಬಿಡ್ರಿ ಸರ್" ಅನ್ನುತ್ತಿದ್ದಳು. ನನಗೆ ಇವತ್ತಿಗೂ ಅದು ಚುಚ್ಚುತ್ತದೆ. ಆಮೇಲಿಂದ ಒಂದು ನಿಯಮ ಮಾಡಿಕೊಂಡಿದ್ದೇನೆ: ಕಂತು ತಡವಾದರೆ ಸಂಬಳವನ್ನು ಮುಂಗಡವಾಗಿ ಕೊಡುತ್ತೇವೆ ಅಂತ ಕಾಲೇಜು ಬರೆದುಕೊಡದೆ ಜನರನ್ನು ತೆಗೆದುಕೊಳ್ಳುವ ಪ್ರಾಜೆಕ್ಟಿಗೆ ಕೈ ಹಾಕುವುದಿಲ್ಲ.

ಬಜೆಟ್ ಬರೆಯುವಾಗ ಜಿಎಸ್‌ಟಿ ಮರೆಯಬೇಡಿ. ಸಂಶೋಧನಾ ಸಂಸ್ಥೆಗಳಿಗೆ ಉಪಕರಣದ ಮೇಲೆ ಇದ್ದ 5%ರ ರಿಯಾಯಿತಿ 2022ರ ಜುಲೈನಲ್ಲಿ ಹೋಯಿತು, ಆಮೇಲಿಂದ 18%. ಹಳೆಯ ಪ್ರಪೋಸಲ್ ನಕಲು ಮಾಡಿ 5% ಹಾಕಿದವರಿಗೆ ಉಪಕರಣ ಕೊಳ್ಳುವಾಗ ದುಡ್ಡು ಸಾಲದೆ ಬಂದದ್ದುಂಟು. ಖರ್ಚಾಗದೆ ಉಳಿದ ದುಡ್ಡಿಗೆ ಬಂದ ಬಡ್ಡಿಯೂ ಸರ್ಕಾರದ್ದೇ, ಅದನ್ನು ಹಿಂದಿರುಗಿಸಬೇಕು. ಪೇಟೆಂಟ್ ಸಾಮಾನ್ಯವಾಗಿ ಸಂಸ್ಥೆಯ ಹೆಸರಿನಲ್ಲಿ ಇರುತ್ತದೆ, ಹಾಗಾಗಿ ಮುಂದೆ ಕಂಪನಿ ಮಾಡುವ ಆಸೆ ಇದ್ದರೆ ಕಾಲೇಜಿನ ನಿಯಮ ಏನು ಅಂತ ಮೊದಲೇ ಓದಿ. ಒಂದೇ ಕೆಲಸಕ್ಕೆ ಎರಡು ಕಡೆಯಿಂದ ದುಡ್ಡು ತಗೊಳ್ಳುವ ಹಾಗಿಲ್ಲ. ಹೊಂಗೆ ಎಣ್ಣೆಯ ಹಾಗೆ ಎರಡು ಬೇರೆ ಪ್ರಶ್ನೆ ಇದ್ದರೆ ತಗೊಳ್ಳಬಹುದು, ಎರಡೂ ಕಡೆ ಹೇಳಿ.

ಮತ್ತೆ, ಯೋಜನೆಯ ಆಯಸ್ಸು ನೋಡಿ. ಕೇಂದ್ರದ ಬಹಳಷ್ಟು ಯೋಜನೆಗಳು ಹಣಕಾಸು ಆಯೋಗದ 5 ವರ್ಷದ ಅವಧಿಯ ಜೊತೆ ಹುಟ್ಟಿ, ಅದರ ಜೊತೆ ಮುಗಿಯುತ್ತವೆ. 15ನೇ ಆಯೋಗದ್ದು 2026ರ ಮಾರ್ಚಿಗೆ ಕೊನೆ. ಎಂಎನ್‌ಆರ್‌ಇಯ 228 ಕೋಟಿಯ ಲೆಕ್ಕವೂ ಅಲ್ಲಿಯವರೆಗಿನದ್ದೇ. ಇಂಥ ಸಂಧಿಕಾಲದಲ್ಲಿ ಹಳೆಯ ಮಾರ್ಗಸೂಚಿ ಹಿಡಿದು ಅರ್ಜಿ ಬರೆದರೆ ಶ್ರಮ ವ್ಯರ್ಥ. ಹೊಸ ಕರೆ ಬರುವವರೆಗೆ ಡೇಟಾ ಮಾಡಿಟ್ಟುಕೊಳ್ಳಿ.

ಅಡಿಕೆ ಹುಡುಗನಿಗೆ ಏನು ಹೇಳಿದೆ ಅಂತ ಕೇಳುತ್ತೀರಲ್ಲ. ಎಎನ್‌ಆರ್‌ಎಫ್ ಬೇಡ, ನನ್ನ ಹಣೆಬರಹವೇ ನಿನಗೂ ಆಗುತ್ತದೆ ಅಂದೆ. ಎಂಎನ್‌ಆರ್‌ಇ ಈಗಲೇ ಬೇಡ, 30% ಹಾಕುವ ಶಕ್ತಿ ಇಲ್ಲ. ಸಾಲವಂತೂ ಬೇಡವೇ ಬೇಡ. ಕಂಪನಿ ಇನ್ನೂ ರಿಜಿಸ್ಟರ್ ಮಾಡಿಲ್ಲ, ಅದೇ ಒಳ್ಳೆಯದಾಯಿತು. ಮೊದಲು ಪ್ರಯಾಸ್‌ನ 10 ಲಕ್ಷಕ್ಕೆ ಹಾಕು. ಒಂದು ಪೂರ್ತಿ ಕೊಯ್ಲಿನಲ್ಲಿ ನಾಲ್ಕು ಮನೆಗಳಲ್ಲಿ ಓಡಿಸಿ, ಕ್ವಿಂಟಾಲಿಗೆ ಎಷ್ಟು ಸಿಪ್ಪೆ ಬೇಕಾಯಿತು, ಎಷ್ಟು ಗಂಟೆ ಹಿಡಿಯಿತು, ಮಂಡಿಯಲ್ಲಿ ಆ ಅಡಿಕೆಗೆ ಏನು ರೇಟು ಸಿಕ್ಕಿತು ಅಂತ ಬರೆದಿಡು. ಆ ಪುಸ್ತಕ ಹಿಡಿದುಕೊಂಡು ಎಲಿವೇಟ್‌ಗೆ ಹೋಗು ಅಂದೆ.

"ಮಂಡಿ ರೇಟು ಯಾಕೆ ಸರ್, ಅದು ರಿಸರ್ಚ್ ಅಲ್ವಲ್ಲ?" ಅಂದ. ಅವರು ಮೊದಲು ಕೇಳುವುದೇ ಅದು ಮಾರಾಯ, ಅಂದೆ. ನಾಲ್ಕು ಮನೆಯಲ್ಲಿ ಮೂರು ಸಿಕ್ಕಿವೆಯಂತೆ. ನಾಲ್ಕನೆಯವರು ಅವನ ಸ್ವಂತ ದೊಡ್ಡಪ್ಪ, ಹೊಸ ಯಂತ್ರದಲ್ಲಿ ಒಣಗಿಸಿದರೆ ಅಡಿಕೆಯ ಬಣ್ಣ ಹೋಗುತ್ತದೆ ಅಂತ ಇನ್ನೂ ಒಪ್ಪಿಲ್ಲವಂತೆ.